ಕೀಸುಳಿಯ ಜಾತಕ ಬರೆದುಕೊಟ್ಟವರಿಗೆ

ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಸಿಕ್ಕಿದ ಹಿರಿಯರೇ, ಹೆಸರು ಹಾಕಬೇಡ ಅಂದಿರಿ, ಹಾಕುತ್ತಿಲ್ಲ. ಥ್ಯಾಂಕ್ಸ್ ಮಾತ್ರ ಹೇಳಲೇಬೇಕು.

ಮರ ಹೆರೆದು ನಯ ಮಾಡುವ ನಮ್ಮಜ್ಜನ ಕಬ್ಬಿಣದ ಕೀಸುಳಿಯ ಅಲಗನ್ನು ಯಾವುದೋ ಕಾಲದಲ್ಲಿ ಬದಲಾಯಿಸಿದ್ದರು. ಹಾಗಾಗಿ ಅಲಗಿನ ಮೇಲಿನ ಮುದ್ರೆಯಿಂದ ಕೀಸುಳಿಯ ವಯಸ್ಸು ತಿಳಿಯುವಂತಿರಲಿಲ್ಲ. ಮೂತಿಯ ಮೇಲೆ ಎರಕದಲ್ಲೇ 'ಬೈಲಿ' ಎಂದಿತ್ತು. ಅದು ಕಂಪನಿಯ ಹೆಸರಲ್ಲ, ಈ ವಿನ್ಯಾಸ ಕಂಡುಹಿಡಿದ ಲಿಯೊನಾರ್ಡ್ ಬೈಲಿಯದು, 1869ರಲ್ಲಿ ಅವನ ಪೇಟೆಂಟುಗಳನ್ನು ಅಮೆರಿಕದ ಸ್ಟ್ಯಾನ್ಲಿ ಕಂಪನಿ ಕೊಂಡುಕೊಂಡಿತು ಎಂದು ನಿಂತಲ್ಲೇ ವಿವರಿಸಿದಿರಿ.

ಆಮೇಲಿನದೇ ನಿಜವಾದ ಪಾಠ. ತಂತಿ ಬ್ರಷ್ ಮುಟ್ಟಬೇಡ, ಅಲಗು ಕೂರುವ ಇಳಿಜಾರು ತುಂಡಿನ ಹಿಂದೆ ಸೀಮೆಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸು ಅಂದಿರಿ. ಒರೆಸಿದರೆ ಮೂರು ತಾರೀಖು ಎದ್ದವು: 1902ರ ಮಾರ್ಚ್ 25, ಅದೇ ವರ್ಷದ ಆಗಸ್ಟ್ 19, 1910ರ ಏಪ್ರಿಲ್ 19. ಇವು ಪೇಟೆಂಟ್ ಸಿಕ್ಕ ದಿನಗಳು, ಕೀಸುಳಿ ಹುಟ್ಟಿದ ದಿನವಲ್ಲ. ಆದರೆ ಮೂರೂ ಒಟ್ಟಿಗಿದ್ದು, ಮುಂಭಾಗದಲ್ಲಿ ಕೈಯಿಡುವ ಗುಬಟು ಗಿಡ್ಡವಾಗಿದ್ದರೆ ಸುಮಾರು 1910ರಿಂದ 1918ರ ನಡುವಿನ ಮಾಲು. ಎತ್ತರದ ಗುಬಟು ಬಂದದ್ದು ಆಮೇಲೆ. (ನಮ್ಮದು ಗಿಡ್ಡ. ಅಜ್ಜನಿಗಿಂತ ಕೀಸುಳಿಯೇ ಹಿರಿದು!)

ಅದೇ ಸಂತೆಯಲ್ಲಿ ಇನ್ನೊಬ್ಬರು ಇದನ್ನು ತೂಕಕ್ಕೆ ಕೇಳಿದ್ದರು. ನೀವು ಬೆಲೆಯ ಮಾತೇ ಎತ್ತಲಿಲ್ಲ, ಕಾಫಿಗೂ ದುಡ್ಡು ಕೊಡಲು ಬಿಡಲಿಲ್ಲ.

ನಿಮ್ಮ ಗರಗಸದ ಹಿಡಿ ಸೀಳಿದೆ ಅಂದಿದ್ದಿರಲ್ಲ ಸರ್, ಒಳ್ಳೆಯ ಬೀಟೆ ತುಂಡೊಂದು ಎತ್ತಿಟ್ಟಿದ್ದೇನೆ. ಮುಂದಿನ ಭಾನುವಾರ ತರುತ್ತೇನೆ, ಬೇಡ ಅನ್ನಬೇಡಿ.