ಥಾಣೇದಾರ್ ಸರ್, ನಮ್ಮ ಹೆಸರಲ್ಲಿ ಹಾಕಿರೋ ಜಾಮೀನಿನ ಬಗ್ಗೆ

ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಮಿಷಿಗನ್ ಸದಸ್ಯರಾದ ಶ್ರೀ ಥಾಣೇದಾರ್ ಅವರಿಗೆ ನಮಸ್ಕಾರ.

ನೀವು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು, ಆ ಸಲುಗೆ ಮೇಲೆ ಕನ್ನಡದಲ್ಲೇ ಬರೀತಿದ್ದೀನಿ ಸರ್. ನಾನೂ ಮಿಷಿಗನ್ನಲ್ಲೇ ಇರೋದು, ಎಚ್‌-1ಬಿ ಕೆಲಸದ ವೀಸಾದಲ್ಲಿ, ಅಂದ್ರೆ ಟ್ಯಾಕ್ಸ್ ಕಟ್ತೀನಿ ಆದ್ರೆ ವೋಟಿಲ್ಲ, ಹಾಗಾಗಿ ಓದ್ಲೇಬೇಕು ಅಂತ ಒತ್ತಾಯ ಮಾಡೋ ಹಾಗಿಲ್ಲ.

ಹೋದ ತಿಂಗಳು ಒಂದಿನ ರಾತ್ರಿ ಊಟ ಆದ್ಮೇಲೆ ಸುಮ್ನೆ ಫ್ಯಾನಿ ಮೇ (ಬ್ಯಾಂಕುಗಳಿಂದ ಮನೆ ಸಾಲ ಕೊಂಡು, ಅದಕ್ಕೆ ಗ್ಯಾರಂಟಿ ಹಾಕಿ ಬಾಂಡ್ ಮಾಡಿ ಮಾರೋ ಕಂಪನಿ) ವೆಬ್‌ಸೈಟಲ್ಲಿ ನಮ್ಮನೆ ಅಡ್ರೆಸ್ ಹೊಡೆದು ನೋಡ್ದೆ. ಈ ಲೋನ್ ಫ್ಯಾನಿದೇ ಅಂತ ಬಂತು. ಸಾಲ ಕೊಟ್ಟೋರು ಒಬ್ರು, ಕಂತು ತಗೊಳ್ಳೋ ಕಂಪನಿ ಇನ್ನೊಂದು (ಅದೂ ಎರಡು ಸಲ ಬದಲಾಗಿದೆ), ಸಾಲದ ಯಜಮಾನ ನೋಡಿದ್ರೆ ಮೂರನೆಯವನು. ನಾವು ಕಟ್ಲಿಲ್ಲ ಅಂದ್ರೆ ನಷ್ಟ ಯಾರಿಗೆ ಅಂದ್ಲು ಹೆಂಡ್ತಿ. ಫ್ಯಾನಿಯವರಿಗೆ ಅಂದೆ. ಅವರ ಹತ್ರನೂ ದುಡ್ಡಿಲ್ದಿದ್ರೆ? ಸರ್ಕಾರಕ್ಕೆ. ಅಂದ್ರೆ ತಿರುಗಿ ನಮಗೇ ಅಲ್ವೇನ್ರಿ ಅಂದ್ಲು.

ನಮ್ಮಪ್ಪ ದಾವಣಗೆರೆಯಲ್ಲಿ ಮೇಷ್ಟ್ರಾಗಿದ್ದಾಗ ಜೊತೆ ಮೇಷ್ಟ್ರೊಬ್ರ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಎರಡು ವರ್ಷ ಸಂಬಳದಲ್ಲಿ ಕಟ್ ಮಾಡಿಸ್ಕೊಂಡ್ರು. ಅಪ್ಪ ಸಹಿನಾದ್ರೂ ಹಾಕಿದ್ರು ಸರ್. ಇಲ್ಲಿ ಅದೂ ಇರ್ಲಿಲ್ಲ. ಫ್ಯಾನಿ, ಅದೇ ಕೆಲಸ ಮಾಡೋ ಇನ್ನೊಂದು ಕಂಪನಿ ಫ್ರೆಡ್ಡಿ ಮ್ಯಾಕ್, ಇವೆರಡರ ಬಾಂಡ್‌ಗಳ ಮೇಲೆ ಅಮೆರಿಕ ಸರ್ಕಾರದ ಗ್ಯಾರಂಟಿ ಇಲ್ಲ ಅಂತ ಅಚ್ಚು ಹಾಕಿಸೇ ಮಾರ್ತಿದ್ರು, ಕೊಳ್ಳೋರು ಇದ್ದೇ ಇದೆ ಅಂತ ನಂಬಿ ಕೊಳ್ತಿದ್ರು, ಆ ನಂಬಿಕೆಯಿಂದ ಸಿಕ್ಕ ಅಗ್ಗದ ಸಾಲದ ಲಾಭ ಶೇರ್‌ದಾರರಿಗೆ. 2008ಕ್ಕೆ ಮುಂಚಿನ ರೂಲ್ಸ್ ಪ್ರಕಾರ 100 ಡಾಲರ್ ಅಡಮಾನ ಸಾಲಕ್ಕೆ ಗ್ಯಾರಂಟಿ ಕೊಟ್ರೆ ಕೈಲಿ ಇಟ್ಕೋಬೇಕಾಗಿದ್ದ ಬಂಡವಾಳ 45 ಸೆಂಟ್. ನಲವತ್ತೈದು ಸೆಂಟ್! ಮೇಲ್ವಿಚಾರಣೆಗೆ ಅಂತ 1992ರಲ್ಲಿ ಮಾಡಿದ ಆಫೀಸು ತನ್ನ ಬಜೆಟ್‌ಗೆ ವರ್ಷಾ ವರ್ಷಾ ನಿಮ್ಮ ಕಾಂಗ್ರೆಸ್ ಮುಂದೆ ನಿಲ್ಬೇಕಿತ್ತು, ಅದೇ ಕಾಂಗ್ರೆಸ್ಸಲ್ಲಿ ಈ ಕಂಪನಿಗಳ ಲಾಬಿ ಎಷ್ಟು ಜೋರಾಗಿತ್ತು ಅಂತ ನಿಮಗೆ ನಾನು ಹೇಳ್ಬೇಕಾ. ಬಿಗಿ ಕಾನೂನು ಬಂದಿದ್ದು 2008ರ ಜುಲೈ 30ಕ್ಕೆ, ಮನೆ ಸಾಲಗಳು ಮುಳುಗಿ ಸೆಪ್ಟೆಂಬರ್ 7ರ ಭಾನುವಾರ ಎರಡು ಕಂಪನಿಗಳನ್ನೂ ಸರ್ಕಾರ ವಶಕ್ಕೆ ತಗೊಂಡಿದೀವಿ ಅಂತ ಘೋಷಿಸ್ತು. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು.

ಅವನ್ನ ಉಳಿಸೋಕೆ ಖಜಾನೆಯಿಂದ ಹೋಗಿದ್ದು ಸುಮಾರು 191 ಬಿಲಿಯನ್ ಡಾಲರ್. ವಾಪಸ್ 300 ಬಿಲಿಯನ್‌ಗೂ ಜಾಸ್ತಿ ಬಂದಿದೆ ಅಂತ ನೀವಂತೀರಿ, ಬಂದಿದೆ, ಒಪ್ತೀನಿ, ಆದ್ರೆ ಮನೆ ಬೆಲೆ ಮತ್ತೆ ಏರಿದ್ದಕ್ಕೆ ಬಂತು. ಇನ್ನೊಂದು ಹೇಳ್ಬೇಕು, 2011ರ ಕೊನೇಲಿ ಸಂಬಳದ ಮೇಲಿನ ಟ್ಯಾಕ್ಸ್ ಇಳಿಸಿದ್ದಕ್ಕೆ ದುಡ್ಡು ಹೊಂದಿಸೋಕೆ ಇವರ ಗ್ಯಾರಂಟಿ ಫೀಸ್ 0.10% ಏರಿಸಿದ್ರಲ್ಲ, ಅದನ್ನ 2021ರ ಇನ್‌ಫ್ರಾಸ್ಟ್ರಕ್ಚರ್ ಕಾನೂನಲ್ಲಿ 2032ರವರೆಗೆ ಎಳೆದ್ರಿ (ಆಗ ನೀವಿರ್ಲಿಲ್ಲ ಬಿಡಿ). ಜಾಮೀನಿನ ಹೆಸರಲ್ಲಿ ಮನೆ ಸಾಲದೋರಿಂದ ವಸೂಲಿ ಮಾಡಿದ ಆ ದುಡ್ಡು ನಾಳೆ ಮುಳುಗೋ ಸಾಲಕ್ಕಲ್ಲ, ಖಜಾನೆಗೆ.

ಈಗ ಈ ಎರಡು ಕಂಪನಿಗಳ ಶೇರು ಮಾರೋ ಮಾತು ಶುರುವಾಗಿದೆ. ಶೇರು ಹೊರಗೆ ಬಿಟ್ರೂ ಸರ್ಕಾರದ ಬಾಯಿಮಾತಿನ ಗ್ಯಾರಂಟಿ ಇರುತ್ತೆ ಅಂತ 2025ರಲ್ಲಿ ಟ್ರಂಪ್ ಅವರೇ ಬರೆದ್ರು, ಅಂದ್ರೆ ಮತ್ತೆ ಅದೇ ಸಹಿ ಇಲ್ಲದ ಜಾಮೀನು. ಅದೇ ವರ್ಷ ಮೇಲ್ವಿಚಾರಣೆ ಸಂಸ್ಥೆ ಎಫ್‌ಎಚ್‌ಎಫ್‌ಎ ಡೈರೆಕ್ಟರ್ ಬಿಲ್ ಪುಲ್ಟೆ ಎರಡೂ ಕಂಪನಿ ಬೋರ್ಡಿಗೆ ತಾವೇ ಅಧ್ಯಕ್ಷರಾದ್ರು. ಅಪ್ಪಂಗೆ ಫೋನಲ್ಲಿ ಹೇಳ್ದೆ. ಸೊಸೈಟಿ ಅಧ್ಯಕ್ಷನೇ ಆಡಿಟರೂ ಆದ್ರೆ ಹೆಂಗಪ್ಪಾ ಅಂತ ನಕ್ರು.

ನನ್ನ ಕೋರಿಕೆ ಇಷ್ಟೇ ಸರ್. ಒಂದೇ ಒಂದು ಶೇರು ಮಾರೋಕೆ ಮುಂಚೆ ಆ ಗ್ಯಾರಂಟಿ ಇದೆಯೋ ಇಲ್ವೋ, ಇದ್ರೆ ಎಷ್ಟರವರೆಗೆ, ಅದಕ್ಕೆ ಕಂಪನಿಗಳು ಖಜಾನೆಗೆ ಎಷ್ಟು ಕಟ್ಬೇಕು ಅನ್ನೋದನ್ನ ಕಾನೂನಲ್ಲೇ ಬರೆದು ವೋಟಿಗೆ ಹಾಕ್ಸಿ, ಮೇಲ್ವಿಚಾರಕರನ್ನ ಬೋರ್ಡ್ ಕುರ್ಚಿಯಿಂದ ಎಬ್ಸಿ. ಉತ್ತರ ಇಂಗ್ಲಿಷಲ್ಲಿ ಬಂದ್ರೂ ಪರವಾಗಿಲ್ಲ, ಮರಾಠೀಲಿ ಬಂದ್ರೂ ಓದಿಸ್ಕೊಳ್ತೀನಿ.

ಇಂತಿ,
ಕಂತು ಕಟ್ತಿರೋ ಒಬ್ಬ ಕನ್ನಡಿಗ