ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ಅಣ್ಣನಿಗೆ

ಹೋದ ವಾರ ಬಾಗಲಕೋಟೆ ನವನಗರದ ಝೆರಾಕ್ಸ್ ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದ ಅಣ್ಣನಿಗೆ ಈ ಮಾತು. ನಿಮ್ಮ ಹೆಸರು ಕೇಳೋದೇ ಮರೆತೆ.

ಪ್ರಿಂಟರ್‌ಗೆ ಅಂತ ಎಲ್ಲಿಂದಲೋ ಒಂದು ಡ್ರೈವರ್, ಅಂದರೆ ಪ್ರಿಂಟರ್ ಓಡಿಸುವ ಸಾಫ್ಟ್‌ವೇರ್, ಇಳಿಸಿ ಹಾಕಿದ್ದೆ. ಆಮೇಲೆ ಮನೆಯ ಕಂಪ್ಯೂಟರ್ ಶುರುವಾಗಲೇ ಇಲ್ಲ. ನೀಲಿ ಪರದೆ, ರೀಸ್ಟಾರ್ಟ್, ಮತ್ತೆ ನೀಲಿ ಪರದೆ. ಫಾರ್ಮ್ಯಾಟ್ ಮಾಡಬೇಕು, ಅಂದರೆ ಎಲ್ಲ ಅಳಿಸಬೇಕು ಅಂದರು ಒಬ್ಬರು. ಎದೆ ಧಸಕ್ಕೆಂದಿತು. ಆಲಮಟ್ಟಿ ಹಿನ್ನೀರಲ್ಲಿ ಮುಳುಗಿದ ನಮ್ಮ ಹಳೇ ಮನೆಯ ಫೋಟೊಗಳು ಅದರಲ್ಲೇ ಇದ್ದವು. ಕಟ್ಟೆಯ ಮೇಲೆ ಅವ್ವ ಜೋಳ ಹಸನು ಮಾಡುತ್ತ ಕೂತಿರುವ ಫೋಟೊ ಇನ್ನೆಲ್ಲೂ ಇಲ್ಲ.

ನೀವು ಕೇಳಿದ್ದು ಒಂದೇ ಮಾತು: "ಕೊನೆಗೆ ಏನ್ ಹಾಕಿದ್ರಿ?" ಆಮೇಲೆ ರಸೀದಿಯ ಹಿಂದೆ ಬರೆದುಕೊಟ್ಟಿರಿ. ವಿಂಡೋಸ್ ಲೋಗೊ ಬಂದ ತಕ್ಷಣ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ಹೀಗೆ ಎರಡು ಮೂರು ಸಲ. ರಿಪೇರಿ ಪರದೆ ತಾನಾಗೇ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸಿಸ್ಟಮ್ ರಿಸ್ಟೋರ್. ಡ್ರೈವರ್ ಹಾಕುವ ಮೊದಲಿನ ರಿಸ್ಟೋರ್ ಪಾಯಿಂಟ್, ಅಂದರೆ ವಿಂಡೋಸ್ ಆಗ ಉಳಿಸಿಟ್ಟ ತನ್ನ ಸ್ಥಿತಿ, ಆರಿಸಬೇಕು. "ಆಮೇಲೆ ಹಾಕಿದ ಪ್ರೋಗ್ರಾಂ, ಡ್ರೈವರ್ ಹೋಗ್ತಾವ. ಫೋಟೊಕ್ಕ ಏನೂ ಆಗಂಗಿಲ್ಲ" ಅಂತ ಎರಡು ಸಲ ಹೇಳಿದಿರಿ. ಆ ಎರಡನೇ ಸಲದಿಂದಲೇ ನನಗೆ ಧೈರ್ಯ ಬಂದದ್ದು.

ಈ ಪಾಯಿಂಟ್‌ಗಳನ್ನು ಉಳಿಸಿಡುವ ಸಿಸ್ಟಮ್ ಪ್ರೊಟೆಕ್ಷನ್ ಆಫ್ ಇದ್ದರೆ ರಿಸ್ಟೋರ್ ಪಾಯಿಂಟೇ ಇರುವುದಿಲ್ಲವಂತೆ. ಪುಣ್ಯಕ್ಕೆ ನಮ್ಮದು ಆನ್ ಇತ್ತು. ನಡುವೆ ಆಫ್ ಮಾಡಬೇಡಿ ಅಂದಿದ್ದಿರಿ. ಅರ್ಧ ಗಂಟೆ ಸುಮ್ನೆ ಕೂತೆ. ಹಳೇ ವಾಲ್‌ಪೇಪರ್ ಕಂಡಿತು ನೋಡಿ, ಅವ್ವನ್ನ ಕೂಗಿದೆ. ಅವಳು ಕನ್ನಡಕ ಹಾಕಿಕೊಂಡು ಬಂದು, ಫೋಟೊದಲ್ಲಿದ್ದ ಮೊರವನ್ನು ಬೆರಳಿಂದ ಮುಟ್ಟಿದಳು.

ಅದೇ ರಾತ್ರಿ ಎಲ್ಲವನ್ನೂ ಪೆನ್‌ಡ್ರೈವ್‌ಗೂ ಹಾಕಿದೆ. ನಿಮ್ಮ ರಸೀದಿ ಕಂಪ್ಯೂಟರ್ ಪಕ್ಕದ ಗೋಡೆಯ ಮೇಲಿದೆ. ತುಂಬಾ ಥ್ಯಾಂಕ್ಸ್ ಅಣ್ಣ. ಅವ್ವನೂ ಹೇಳಿದ್ದಾಳೆ.