ಫ್ಲಾಪಿ ಸ್ಪರ್ಧೆ ಮುಗಿಯಿತು, ಅಕ್ಕನಿಗೆ ನಮಸ್ಕಾರ

ಹಳೆ ಫ್ಲಾಪಿ, ಸೀಡಿಗಳಲ್ಲಿರುವ ಕಡತಗಳನ್ನು ಓದಿ ಉಳಿಸುವ ವಿದ್ಯಾರ್ಥಿಗಳ ಸ್ಪರ್ಧೆ ಮುಗಿದು ವಾರವಾಯಿತು. ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು, ಕುಂಬಳೆ, ಮುಳ್ಳೇರಿಯ ಕಡೆಯಿಂದ ಮಕ್ಕಳು ತಂದಿದ್ದ ಫ್ಲಾಪಿ, ಸೀಡಿಗಳೆಲ್ಲ ಅವರವರ ಮನೆ ಸೇರಿದವು. ಲ್ಯಾಬು ಬಿಟ್ಟುಕೊಟ್ಟ ಶಾಲೆಯವರಿಗೆ, ತೀರ್ಪುಗಾರರಿಗೆ, ಅಟ್ಟದ ಪೆಟ್ಟಿಗೆ ಇಳಿಸಿಕೊಟ್ಟ ಮನೆಯವರಿಗೆ, ಹಳೆ ಡ್ರೈವು ಹುಡುಕಿ ತಂದ ರಿಪೇರಿ ಅಂಗಡಿಯ ಅಣ್ಣಂದಿರಿಗೆ, ಎರಡು ದಿನವೂ ಚಾ, ಗೋಳಿಬಜೆ ಮುಟ್ಟಿಸಿದ ಅಮ್ಮಂದಿರಿಗೆ ಕೈಮುಗಿದು ಧನ್ಯವಾದ.

ಶನಿವಾರ ರಾತ್ರಿ ಬೂಸ್ಟು ಹಿಡಿದ ಫ್ಲಾಪಿಯಿಂದ ಡ್ರೈವು ಕಿರ್ರೆಂದದ್ದು ಬಂದವರಿಗೆಲ್ಲ ಗೊತ್ತು, ಅದನ್ನು ಉದ್ದಕ್ಕೆ ಬರೆಯುವುದಿಲ್ಲ. ಆದರೆ ಆ ರಾತ್ರಿ ಬೆಳಗಾಗುವವರೆಗೆ ನಮ್ಮ ಜೊತೆ ಕೂತ ಡಿಟಿಪಿ ಅಕ್ಕನ ಬಗ್ಗೆ ಬರೆಯಲೇಬೇಕು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಅಕ್ಕ ಎಂದೇ ಬರೆಯುತ್ತೇವೆ. ಮದುವೆ ಕಾಗದ, ಶಾಲೆಯ ವಾರ್ಷಿಕ ಸಂಚಿಕೆ, ಯಕ್ಷಗಾನ ಪ್ರಸಂಗ ಎಲ್ಲವನ್ನೂ ಟೈಪು ಮಾಡಿದ ಕೈ ಅದು.

ಡ್ರೈವಿನಿಂದ ಕಿರ್ರೆಂಬ ಸದ್ದು ಬಂದ ಕೂಡಲೇ "ತೆಗೀರಿ, ಮೊದಲು ಹೊರಗೆ ತೆಗೀರಿ" ಎಂದವರು ಅವರು. ನಮ್ಮ ಊರಿನ ಮಳೆಗಾಲದಲ್ಲಿ ಅಟ್ಟದ ಫ್ಲಾಪಿಗೆ ಬೂಸ್ಟು ಹಿಡಿಯದೆ ಇರುವುದಿಲ್ಲ. ಬೂಸ್ಟು ಡ್ರೈವಿನೊಳಗೆ ಫ್ಲಾಪಿಯನ್ನು ಓದುವ ಹೆಡ್ಡಿಗೆ ಅಂಟಿದರೆ ಆ ಫ್ಲಾಪಿಯನ್ನು ಗೀರುವುದಲ್ಲದೆ ಮುಂದೆ ಹಾಕುವ ಫ್ಲಾಪಿಯನ್ನೂ ಗೀರುತ್ತದೆ. ಅಕ್ಕ ಲೋಹದ ಮುಚ್ಚಳ ಸರಿಸಿ, ದೀಪಕ್ಕೆ ಓರೆಯಾಗಿ ಹಿಡಿದು, ಬಿಳಿ ಚುಕ್ಕೆ ಎಲ್ಲಿದೆ ಎಂದು ತೋರಿಸಿದರು. ಆಮೇಲೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಕಡ್ಡಿ ಅದ್ದಿ, ಹಿಂಬದಿಯ ಲೋಹದ ಗುಂಡನ್ನು ಬೆರಳಿನಿಂದ ನಿಧಾನ ತಿರುಗಿಸುತ್ತ, ಎರಡೂ ಮೈ ಒರೆಸಿದರು. ಒತ್ತಬಾರದು, ಒಂದೇ ಕಡ್ಡಿಯನ್ನು ಎರಡು ಸಲ ಬಳಸಬಾರದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 70 ಶೇಕಡಾದ್ದರಲ್ಲಿ ನೀರು ಹೆಚ್ಚು, ಒಣಗಲು ತಡ, ಅದು ಬೇಡ. ಒಳಗಿನ ಬಟ್ಟೆಗೇ ಬೂಸ್ಟು ಹತ್ತಿದ್ದರೆ ಚಿಪ್ಪು ಬಿಡಿಸಿ, ಡಿಸ್ಕನ್ನು ಹೊಸ ಫ್ಲಾಪಿಯ ಚಿಪ್ಪಿಗೆ ಹಾಕಬೇಕು. ಪ್ರತಿ ಫ್ಲಾಪಿಯ ನಂತರ ಹೆಡ್ ಒರೆಸಬೇಕು. ಈ ಕೊನೆಯದನ್ನು ನಿಯಮದ ಹಾಳೆಯಲ್ಲಿ ನಾವು ಬರೆದಿರಲಿಲ್ಲ. ತಪ್ಪು ನಮ್ಮದು.

ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಉಬುಂಟು ಲಿನಕ್ಸ್ ಆಧಾರಿತ ವ್ಯವಸ್ಥೆಯೇ ಇರುವುದರಿಂದ ಮಕ್ಕಳಿಗೆ ಟರ್ಮಿನಲ್ (ಆದೇಶ ಟೈಪು ಮಾಡುವ ಪರದೆ) ಹೊಸತಲ್ಲ, ಅದು ದೊಡ್ಡ ಅನುಕೂಲವಾಯಿತು. ಮೂಲೆಯ ಪುಟ್ಟ ಗುಂಡಿ ಸರಿಸಿ ತೂತು ತೆರೆದರೆ ಮಾತ್ರ ಫ್ಲಾಪಿಗೆ ಬೀಗ ಬಿದ್ದಂತೆ. ತೂತು ಮುಚ್ಚಿದ್ದರೆ ಅದರ ಮೇಲೆ ಬರೆಯಬಹುದು. ಇದನ್ನು ಉಲ್ಟಾ ತಿಳಿದವರು ಬಹಳ ಮಂದಿ. ಓದಿಸಲು, ಕೆಟ್ಟ ಡಿಸ್ಕಿನಿಂದ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ತಂತ್ರಾಂಶ: ಮೊದಲ ಸುತ್ತಿನಲ್ಲಿ ಸುಲಭವಾಗಿ ಬಂದದ್ದನ್ನು ತೆಗೆದು, ಕಷ್ಟದ ಸೆಕ್ಟರುಗಳನ್ನು (ಡಿಸ್ಕಿನ ಪುಟ್ಟ ತುಂಡುಗಳನ್ನು) ಆಮೇಲೆ ಮೂರು ಸಲ ಕೇಳುವುದು. ಎಷ್ಟು ಓದಿತೆಂದು ಬರೆದಿಡುವ ಮ್ಯಾಪ್ ಕಡತ ಇಟ್ಟವರಿಗೆ ಕರೆಂಟು ಹೋದಾಗ ನಷ್ಟವಾಗಲಿಲ್ಲ, ಬಂದ ಮೇಲೆ ನಿಂತಲ್ಲಿಂದಲೇ ಓದಿತು. ಅದೇ ಮ್ಯಾಪ್ ಕಡತ ಹಿಡಿದು ಇನ್ನೊಂದು ಡ್ರೈವಿನಲ್ಲಿ ಓದಿಸಿದರೆ ಕೆಲವು ಸೆಕ್ಟರು ಬರುತ್ತವೆ, ಏಕೆಂದರೆ ಎಲ್ಲ ಡ್ರೈವುಗಳ ಹೆಡ್ ಒಂದೇ ನೇರದಲ್ಲಿ ಕೂತಿರುವುದಿಲ್ಲ. 1.44 ಎಂಬಿ ಫ್ಲಾಪಿಗೆ ಎರಡು ಮೈ, ಮೈಗೆ 80 ಜಾಡು, ಜಾಡಿಗೆ 18 ಸೆಕ್ಟರು, ಸೆಕ್ಟರಿಗೆ 512 ಬೈಟು: ಪ್ರತಿಯ ಗಾತ್ರ 14,74,560 ಬೈಟು ಇರಲೇಬೇಕು. ಪ್ರತಿ ತೆಗೆದ ತಕ್ಷಣ, ಅದು ಬದಲಾಗಿಲ್ಲವೆಂದು ಆಮೇಲೆ ಪರೀಕ್ಷಿಸಲು ಶಾ-256 ಮೊತ್ತ ಬರೆದಿಟ್ಟು, ಮುಂದಿನ ಕೆಲಸವೆಲ್ಲ ಅದರ ನಕಲಿನ ಮೇಲೆ.

ಇಷ್ಟಾದ ಮೇಲೂ ಪರದೆಯಲ್ಲಿ ಕಂಡದ್ದು ಕನ್ನಡವಲ್ಲ. ಅಕ್ಕನ ಬೆಲೆ ನಮಗೆ ತಿಳಿದದ್ದು ಅಲ್ಲಿ. ಹಳೆ ನುಡಿ ಫಾಂಟಿನಲ್ಲಿ ಇಂಗ್ಲಿಷಿನ ದೊಡ್ಡ 'ಪಿ' ಇರುವ ಜಾಗದಲ್ಲಿ ಕಕಾರದ ಮೈ ಕೂತಿದೆ, ತಲೆಕಟ್ಟಿಗೆ ಬೇರೆ ಸಂಕೇತ. 'ಕನ್ನಡ' ಎಂದು ಬರೆಯಲು ಅಲ್ಲಿ 7 ಸಂಕೇತ, ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ನಲ್ಲಿ 5. ಆ ಕಾಲದ ಬೇರೆ ಟೈಪಿಂಗ್ ತಂತ್ರಾಂಶಗಳಾದ ಶ್ರೀಲಿಪಿಗೆ ಅದರದೇ ಸಂಕೇತ ಕೋಷ್ಟಕ, ಆಕೃತಿಗೆ ಅದರದೇ. ಒಂದರ ಕೋಷ್ಟಕ ಇನ್ನೊಂದಕ್ಕೆ ಹಾಕಿದರೆ ಕಸವೇ ಬರುತ್ತದೆ. ಕೋಷ್ಟಕ ಸರಿಯಿದ್ದರೂ ಅರ್ಕಾವತ್ತು ಕೈಕೊಡುತ್ತದೆ: ಹಳೆ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಸಂಕೇತವನ್ನು ಇದ್ದಲ್ಲೇ ಬದಲಿಸಿದ ತಂಡಕ್ಕೆ 'ಕರ್ನಾಟಕ' ಹೋಗಿ 'ಕನಾರ್ಟಕ' ಬಂತು, 'ಸೂರ್ಯ' ಹೋಗಿ 'ಸೂಯರ್' ಬಂತು. ಅಕ್ಕ ತನ್ನ ಹಳೆ ನೋಟ್‌ಬುಕ್ ಬಿಚ್ಚಿ, ಯಾವ ಕೀಲಿಗೆ ಯಾವ ಆಕಾರ ಎಂದು ಒಂದೊಂದಾಗಿ ಹೇಳುತ್ತ ಹೋದರು. ಹೈಸ್ಕೂಲಿನ ಮಕ್ಕಳು ಅದನ್ನು ನೋಡಿ ಪೈಥಾನ್‌ನಲ್ಲಿ ಕೋಷ್ಟಕ ಕಟ್ಟಿದರು.

ಒಂದು ಯಕ್ಷಗಾನ ಪ್ರಸಂಗದ ಕಡತ ಮಾತ್ರ ಪೂರ್ತಿ ಬರಲಿಲ್ಲ. ನಕಲಿನಲ್ಲಿ ಓದಲಾಗದ ಸೆಕ್ಟರುಗಳ ಜಾಗಕ್ಕೆ ಗುರುತಿನ ಪದ ತುಂಬಿಸಿ ಹುಡುಕಿದಾಗ ನಡುವೆ ಒಂದೇ ಸೆಕ್ಟರು ಹೋದದ್ದು ಗೊತ್ತಾಯಿತು. 512 ಬೈಟು, ನುಡಿಯ ಸಂಕೇತದಲ್ಲಿ ಹೆಚ್ಚುಕಡಿಮೆ 200 ಅಕ್ಷರ, ಎರಡು ಪದ್ಯದಷ್ಟು. ಬರೆದವರು ಈಗ ಇಲ್ಲ, ಮನೆಯಲ್ಲಿ ಕಾಗದದ ಪ್ರತಿಯೂ ಇಲ್ಲ. ಅದನ್ನು ಟೈಪು ಮಾಡಿದ್ದ ಅಕ್ಕ ಕಣ್ಣು ಮುಚ್ಚಿ ಬಹಳ ಹೊತ್ತು ನೆನಪಿಸಿಕೊಳ್ಳಲು ನೋಡಿದರು. ಮೊದಲ ಸಾಲಿನ ತಾಳ ಬಂತು, ಮಾತು ಬರಲಿಲ್ಲ. ಆ ಹೊತ್ತು ಲ್ಯಾಬಿನಲ್ಲಿ ಯಾರೂ ಮಾತಾಡಲಿಲ್ಲ. ಹೆಡ್ ಮೊದಲೇ ಒರೆಸಿದ್ದರೆ ಆ ಎರಡು ಪದ್ಯ ಉಳಿಯುತ್ತಿತ್ತೋ ಏನೋ, ಈ ಸಂಕಟ ನಮ್ಮಲ್ಲಿ ಉಳಿಯುತ್ತದೆ. ಆ ಜಾಗವನ್ನು ಮುಚ್ಚದೆ ಹಾಗೇ ಖಾಲಿ ಬಿಟ್ಟು, 'ಇಲ್ಲಿ ಒಂದು ಸೆಕ್ಟರು ನಷ್ಟ' ಎಂದು ಬರೆದು ಮನೆಯವರಿಗೆ ಕೊಟ್ಟಿದ್ದೇವೆ. ಬೇರೆ ಮೇಳದ ಭಾಗವತರ ಬಳಿ ಆ ಪ್ರಸಂಗದ ಪ್ರತಿ ಇದ್ದರೆ ದಯವಿಟ್ಟು ತಿಳಿಸಿ.

ಸೀಡಿ ತಂದವರಿಗೆ ಒಂದು ಮಾತು: ಮೇಲೆ ಅಂಟಿಸಿದ ಚೀಟಿ ಕೀಳಬೇಡಿ, ಅದರೊಂದಿಗೆ ಕೆಳಗಿನ ಪದರವೂ ಏಳುತ್ತದೆ. ಹೇಗಿದೆಯೋ ಹಾಗೇ ಎರಡು ಮೂರು ಡ್ರೈವಿನಲ್ಲಿ ಓದಿಸಿ ನೋಡಿ.

ಅಕ್ಕಾ, ನಿಮ್ಮ ನೋಟ್‌ಬುಕ್ಕನ್ನು ಪುಟ ಬಿಡದೆ ಸ್ಕ್ಯಾನ್ ಮಾಡಿದ್ದೇವೆ, ಪ್ರತಿ ತಂಡಕ್ಕೂ ಒಂದು ಪ್ರತಿ ಹೋಗಿದೆ. ಶ್ರೀಲಿಪಿಯ ಪುಟದಲ್ಲಿ ಎರಡು ಕಡೆ ಶಾಯಿ ಹರಡಿ ಒತ್ತಕ್ಷರ ಯಾವುದೆಂದು ತಿಳಿಯುತ್ತಿಲ್ಲ. ಭಾನುವಾರ ಪುಸ್ತಕ ಹಿಂದೆ ಕೊಡಲು ಬರುವಾಗ ಕೇಳಿ ಬರೆದುಕೊಳ್ಳುತ್ತೇವೆ.